ನೀಲಿ ಔಷಧಿಯ ಡಾಕ್ಟರು

ಅವರ ಬಲಗೈಯ ಮೂರು ಬೆರಳ ತುದಿ ಯಾವಾಗಲೂ ನೀಲಿ. ಸೋಪಿಗೂ ಹೋಗದ, ನಿಂಬೆಹುಳಿಗೂ ಹೋಗದ ನೀಲಿ. ಶಿವಮೊಗ್ಗದ ಪಶುವೈದ್ಯರು ಅವರು. ಊರವರ ಬಾಯಲ್ಲಿ ದನದ ಡಾಕ್ಟರು.

ನಾನು ಮದುವೆಯಾಗಿ ಭದ್ರಾವತಿಗೆ ಬಂದಾಗ ತವರಿನಿಂದ ಜೊತೆಗೆ ಬಂದದ್ದು ಒಂದು ಟ್ರಂಕು, ಒಂದು ನಾಯಿ. ನಮ್ಮವರಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಎರಡನೇ ಬೇಸಿಗೆಗೆ ನಾಯಿ ಕೆಂಚನಿಗೆ ಜ್ವರ ಬಂತು. ಅನ್ನ ಬಿಟ್ಟ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ನಮ್ಮವರಿಗೆ ರಜ ಸಿಗಲಿಲ್ಲ. "ನಾಯಿಗೂ ರೈಲು ಪ್ರಯಾಣವಾ?" ಎಂದು ಅತ್ತೆ ನಕ್ಕರು. ಕೆಂಚನನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಒಬ್ಬಳೇ ಶಿವಮೊಗ್ಗದ ರೈಲು ಹತ್ತಿದೆ.

ಡಾಕ್ಟರು ನಗಲಿಲ್ಲ. ಕೆಂಚನ ಕಿವಿ ಚುಚ್ಚಿ, ಹನಿ ರಕ್ತವನ್ನು ಗಾಜಿಗೆ ಸವರಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿ ಬಿಟ್ಟು ಎದ್ದರು.

"ಬನ್ನಿ ತಾಯಿ, ನೀವೂ ನೋಡಿ."

"ನನಗೇನು ತಿಳಿಯುತ್ತೆ ಸ್ವಾಮಿ? ನಾಲ್ಕನೇ ಕ್ಲಾಸಿಗೇ ಬಿಡಿಸಿಬಿಟ್ರು."

"ಕಣ್ಣಿಗೆ ಯಾವ ಕ್ಲಾಸು? ನೋಡಿ."

ಗುಂಡನೆಯ ರಕ್ತಕಣದೊಳಗೆ ಎರಡು ಪುಟ್ಟ ಸೀಬೆಕಾಯಿ ತೊಟ್ಟಿಗೆ ತೊಟ್ಟು ತಾಗಿಸಿ ಕೂತ ಹಾಗಿತ್ತು. ಉಣ್ಣಿ ಕಚ್ಚಿದಾಗ ಒಳಸೇರಿ ರಕ್ತ ಹಾಳುಮಾಡುವ ಜೀವಿ ಅದು ಎಂದರು. ನನ್ನನ್ನು ಕೂರಿಸಿ ಏನನ್ನಾದರೂ ಹಾಗೆ ತೋರಿಸಿಕೊಟ್ಟವರು ಅವರೊಬ್ಬರೇ.

ನೀಲಿ ಔಷಧಿಯನ್ನು ಮುಂಗಾಲಿನ ನರಕ್ಕೆ ನಿಧಾನವಾಗಿ ಬಿಟ್ಟರು. ಒಂದು ಹನಿ ನರದಿಂದ ಆಚೆ ಹೋದರೂ ಕಾಲು ಊದಿಕೊಳ್ಳುತ್ತದಂತೆ. "ನಿಜ ಹೇಳ್ತೀನಿ ತಾಯಿ. ಇದು ಜ್ವರ ಇಳಿಸುತ್ತೆ, ಬೇರು ಕೀಳಲ್ಲ. ಮರಳಿದರೆ ಕಾಗದ ಹಾಕಿ."

ಮನೆ ಸೇರುವಷ್ಟರಲ್ಲಿ ಕೆಂಚನ ಒಸಡು, ಕಣ್ಣಿನ ಬಿಳಿ ಎಲ್ಲ ನೀಲಿ. "ಅಯ್ಯೋ ಮಾರಾಯ್ತಿ, ವಿಷ ಹಾಕಿಸ್ಕೊಂಡು ಬಂದ್ಯಾ!" ಎಂದು ಅತ್ತೆ ಕೂಗಿಕೊಂಡರು. ಮೂರನೇ ದಿನ ಅದೇ ಅತ್ತೆ ಇಟ್ಟ ಗಂಜಿಯನ್ನು ಕೆಂಚ ನೆಕ್ಕಿ ಮುಗಿಸಿದ.

ತಿಂಗಳಾದ ಮೇಲೆ ಜ್ವರ ಮರಳಿತು. ಕಾಗದ ಹಾಕಿದೆ; ಭಾನುವಾರ ಡಾಕ್ಟರೇ ರೈಲಿಳಿದು ಬಂದರು. ಚುಚ್ಚುಮದ್ದು ಕೊಟ್ಟ ಮೇಲೂ ಹೊರಡಲಿಲ್ಲ. ಪೊರಕೆಕಡ್ಡಿಯಿಂದ ಗೋಡೆಯ ಬಿರುಕು ಕೆದಕಿ, ಉದುರಿದ ಉಣ್ಣಿಗಳನ್ನು ಅತ್ತೆಗೆ ತೋರಿಸಿದರು. "ನೋಡೀಮ್ಮ, ರೋಗ ನಿಮ್ಮ ಗೋಡೇಲಿ ಸಂಸಾರ ಹೂಡಿದೆ."

ಅತ್ತೆ ಸೆರಗು ಸಿಕ್ಕಿಸಿ ಸುಣ್ಣ ಕಲಸಿದರು. ಡಾಕ್ಟರು ಕೋಟು ಬಿಚ್ಚಿಟ್ಟು ಬಿರುಕು ಮುಚ್ಚುತ್ತ ಕೂತರು. ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಅವಲಕ್ಕಿ ತಿಂದರು.

ಕೆಂಚ ಇನ್ನೂ ಒಂಬತ್ತು ವರ್ಷ ಬದುಕಿ, ಮುದಿಯಾಗಿ ಸತ್ತ. ಅಷ್ಟರೊಳಗೆ ಡಾಕ್ಟರಿಗೆ ದೂರದೂರಿಗೆ ವರ್ಗವಾಗಿತ್ತು. ಅವರು ಅಲ್ಲೇ ತೀರಿಕೊಂಡರೆಂಬ ಸುದ್ದಿ ಬಂದ ಬೆಳಿಗ್ಗೆ, ಅತ್ತೆ ಎದ್ದು ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಂಡರು.

"ನಮಗೆ ಸೂತಕ ಇಲ್ಲವಲ್ಲ ಅತ್ತೆ," ಎಂದೆ.

"ಸುಮ್ನಿರು," ಎಂದರು. "ಅವರೇನು ಹೊರಗಿನವರಾ?"