ಔಷಧಿ ಕಲಸಿದ ಕೈ

ಹುಣಸೂರಿನ ಡಾಕ್ಟರಮ್ಮ ರಕ್ತ ಪರೀಕ್ಷೆಯ ಚೀಟಿ ನೋಡಿ ನನ್ನ ಗಂಡನನ್ನು ಕೇಳಿದ್ದು ಒಂದೇ ಮಾತು: “ಎಷ್ಟು ವರ್ಷದಿಂದ ಕುಡೀತಿದ್ದೀರಿ?” ಲಿವರ್ ಊದಿಕೊಂಡಿತ್ತಂತೆ. ತಿಂಗಳುಗಟ್ಟಲೆ ಸುಸ್ತು, ಊಟ ಸೇರುತ್ತಿರಲಿಲ್ಲ, ಅದಕ್ಕೇ ಎಳೆದುಕೊಂಡು ಹೋಗಿದ್ದೆ.

ನನಗೆ ಮೈಯೆಲ್ಲ ಉರಿಯಿತು. ಪಿತೃಪಕ್ಷದಲ್ಲಿ ಹಿರಿಯರ ಎಡೆಗೆ ಇಟ್ಟ ಬ್ರಾಂದಿಯನ್ನು ಅಣ್ಣತಮ್ಮಂದಿರೆಲ್ಲ ಹಂಚಿಕೊಂಡು ಮುಗಿಸಿದರೂ ಮೂಸಿ ನೋಡದ ಮನುಷ್ಯ ಇವರು. “ಕುಡಿಯೋರ ಮುಖ ಇಂಗಿರ್ತದಾ, ಮೇಡಮ್ಮೋರೇ?” ಎಂದೆ. ಬಾಯಲ್ಲಿ ಹಾಗಂದರೂ ಓರೆಗಣ್ಣಲ್ಲಿ ಇವರನ್ನೊಮ್ಮೆ ನೋಡಿದೆ, ಸುಳ್ಳೇಕೆ ಹೇಳಲಿ.

ಡಾಕ್ಟರಮ್ಮ ನಕ್ಕು, ಏನು ಬೆಳೆಯುತ್ತೀರಿ ಎಂದರು. ಹೊಗೆಸೊಪ್ಪು. ಹುಳಕ್ಕೆ ಹೊಡೆಯುವ ಔಷಧಿ ಹೇಗೆ ಕಲಸುತ್ತೀರಿ? ಇವರು ಹೆಮ್ಮೆಯಿಂದಲೇ ತೋಳು ತೋರಿಸಿದರು. ನಮ್ಮ ಕಡೆ ಡ್ರಮ್ಮಿಗೆ ಔಷಧಿ ಸುರಿದು, ಮೊಣಕೈವರೆಗೆ ಕೈ ಬಿಟ್ಟು ತಿರುಗಿಸಿದವನೇ ಗಟ್ಟಿ ಆಳು. ಕೋಲು ಹಿಡಿದವನು ನಾಜೂಕಯ್ಯ. ಆಮೇಲೆ ಕೈಯನ್ನು ಲುಂಗಿಗೆ ಒರೆಸಿ ಬದುವಿನ ಮೇಲೇ ಮುದ್ದೆ ಮುರಿಯುವುದು.

“ಚರ್ಮದಿಂದ, ಬಾಯಿಂದ ಒಳಗೆ ಹೋದ ವಿಷ ಸೋಸೋದು ಲಿವರ್. ಅದರ ಜೀವಕೋಶಗಳು ಆ ಕೆಲಸದಲ್ಲೇ ಸವೆದರೆ ತಿಂದಿದ್ದನ್ನ ಶಕ್ತಿ ಮಾಡೋಕಾಗಲ್ಲ, ಕೊಬ್ಬು ಅಲ್ಲೇ ಕೂತ್ಕೊಳ್ಳುತ್ತೆ,” ಎಂದರು ಡಾಕ್ಟರಮ್ಮ. “ವಿಷ ನಿಲ್ಲಿಸಿದರೆ ಹೊಸ ಜೀವಕೋಶ ಬೆಳೆಯುತ್ತೆ. ಕಾದು ನೋಡೋಣ.” ಬೆಳೆಯದಿದ್ದರೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಅಂದಿನಿಂದ ಮನೆಯಲ್ಲಿ ನನ್ನದೇ ದರ್ಬಾರು. ಕೋಲು, ಗ್ಲೌಸು, ಮಾಸ್ಕು. ಸೋಪು ಹಾಕಿ ಸ್ನಾನ ಮಾಡದೆ ತಟ್ಟೆ ಇಡುತ್ತಿರಲಿಲ್ಲ. ಪಕ್ಕದ ಹೊಲದವರು “ಏನಣ್ಣ, ಆಪರೇಸನ್ ಮಾಡಕ್ಕೋಯ್ತಾ ಇದ್ದೀಯಾ?” ಎಂದು ರೇಗಿಸಿದರೆ ಇವರು ಗ್ಲೌಸಿನ ಕೈ ಎತ್ತಿ ಆಶೀರ್ವಾದ ಮಾಡುತ್ತಿದ್ದರು.

ಕೊಯ್ಲು ಮುಗಿದು, ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕೆಲಸವೂ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆವು. “ಲಿವರ್ ಸರಿಹೋಗಿದೆ,” ಎಂದರು ಡಾಕ್ಟರಮ್ಮ. ನನಗೆ ಅಲ್ಲೇ ಕುಣಿಯುವಷ್ಟು ಸಂತೋಷ. ಇವರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

“ಇವಳ್ದೂ ಪರೀಕ್ಷೆ ಮಾಡ್ಬುಡಿ, ಮೇಡಮ್ಮೋರೇ. ಔಷ್ದಿ ಹೊಡ್ದ ಬಟ್ಟೆನೆಲ್ಲ ಇಷ್ಟು ವರ್ಸ ಬರಿಗೈಲಿ ಒಗ್ದೋಳು ಇವ್ಳೇ.”

ಆ ವಿಚಾರ ನನ್ನ ತಲೆಗೇ ಹೊಳೆದಿರಲಿಲ್ಲ. ಕಣ್ಣು ತುಂಬಿ ಬಂತು. ನನ್ನ ರಕ್ತದಲ್ಲಿ ಏನೂ ತೊಂದರೆ ಇರಲಿಲ್ಲ. ಆದರೂ ಈಗ ಆ ಬಟ್ಟೆಗಳನ್ನು ಗ್ಲೌಸು ಹಾಕಿಕೊಂಡು ಇವರೇ ಒಗೆಯುತ್ತಾರೆ. ಕೊಳೆ ಅರ್ಧಕ್ಕರ್ಧ ಹಾಗೇ ಉಳಿದಿರುತ್ತದೆ. ನಾನು ತುಟಿಪಿಟಕ್ಕೆನ್ನುವುದಿಲ್ಲ.