ಸ್ಟೋರ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು

ಮೊನ್ನೆ ಹೊಸಕೆರೆಹಳ್ಳಿಯಲ್ಲಿ ತರಕಾರಿ ಗಾಡಿಯ ಮುಂದೆ ನಿಂತು ಕೊತ್ತಂಬರಿಗೆ ಕೈ ಹಾಕಿದೆ. ಅದರ ಕೆಳಗಿದ್ದ ಸಬ್ಬಸಿಗೆ ಸೊಪ್ಪಿನ ಘಾಟು ಬೆರಳಿಗೆ ಹತ್ತಿತು. ಮನೆಗೆ ಬಂದು ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವಳು ನೆನಪಾದಳು...

ಜೆ.ಪಿ. ನಗರದಲ್ಲಿ ಸೋಫಾ ಮಾರುವ ಅಂಗಡಿಯೊಂದರ ಮೇಲೆ ನಮ್ಮ ಆಫೀಸು. ವಿಮೆಯ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಅವಳು ಗದಗಿನ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಳು. ಕಾಂಟ್ರ್ಯಾಕ್ಟ್ ಕೆಲಸವಾದ್ದರಿಂದ ಹೆರಿಗೆಯ ರಜೆಯನ್ನು ಬೇಗ ಮುಗಿಸಿ ಬಂದಿದ್ದಳು. ಮಗುವನ್ನು ನೋಡಿಕೊಳ್ಳಲು ಊರಿನಿಂದ ಅತ್ತೆ ಬಂದಿದ್ದರು. ಅವರದು ಒಂದೇ ಷರತ್ತು: ಕೂಸಿಗೆ ಪುಡಿ ಹಾಲು ಕುಡಿಸುವ ಪರಿಸ್ಥಿತಿ ಬಂದ ದಿನ ಸೊಸೆ ಕೆಲಸ ಬಿಡಬೇಕು. ಗಂಡನೂ ಅದಕ್ಕೆ ತಲೆಯಾಡಿಸಿದ್ದ.

ಹಾಲು ಹೆಚ್ಚಲಿ ಎಂದು ಅತ್ತೆ ದಿನವೂ ರೊಟ್ಟಿಯ ಜೊತೆ ಸಬ್ಬಸಿಗೆ ಪಲ್ಯವನ್ನೇ ಕಟ್ಟುತ್ತಿದ್ದರು. ಊಟದ ಡಬ್ಬಿ ತೆಗೆದರೆ ಇಡೀ ಸಾಲಿಗೆ ಗೊತ್ತಾಗುತ್ತಿತ್ತು.

"ಇವತ್ತೂ ಅದೇನಾ?" ಎಂದು ಒಮ್ಮೆ ರೇಗಿಸಿದೆ.

"ಏನ್ ಮಾಡೂದ್ರಿ ಅಕ್ಕಾರ, ಎಮ್ಮಿಗೆ ಮೇವು ಹಾಕಿದಂಗ ಹಾಕ್ತಾರ್ರಿ ನಮ್ಮತ್ತಿ" ಎಂದು ನಕ್ಕಳು.

ಮಧ್ಯಾಹ್ನ ಎದೆ ಕಟ್ಟಿಕೊಂಡಾಗ ಹಾಲು ತೆಗೆಯಲು ಆಫೀಸಿನಲ್ಲಿ ಜಾಗವಿರಲಿಲ್ಲ. ಹೆಂಗಸರಿಗೆ ಇದ್ದದ್ದು ಒಂದೇ ಶೌಚಾಲಯ. ಒಳಗೆ ಹೋದ ಕೂಡಲೇ ಯಾರಾದರೂ ಬಾಗಿಲು ತಟ್ಟುತ್ತಿದ್ದರು. ಒಂದು ದಿನ ಅವಳು ಹಾಲು ತೆಗೆಯುವ ಪಂಪನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು, ಹನಿಯೂ ತೆಗೆಯಲಾಗದೆ ಹೊರಬಂದಳು. ಕುರ್ತಾದ ಮುಂಭಾಗ ಒದ್ದೆಯಾಗಿತ್ತು. "ಇನ್ನೆರಡು ವಾರ ಹಿಂಗಾದ್ರ ಹಾಲು ಬತ್ತಿ ಹೋಗತಾವ್ರಿ. ಕೆಲಸಾನೂ ಹೋಗತೈತಿ" ಎಂದಳು. ನಾನೇ ಅವಳನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋದೆ. ಅವಳೇ ಕೇಳಿದಳೋ, ನಾನೇ ಹೇಳಿದೆನೋ... ನಾನೇ ಹೇಳಿದ್ದು ಎಂದು ನಂಬಲು ನನಗಿಷ್ಟ, ಆದ್ದರಿಂದಲೇ ಅನುಮಾನ.

ಕೆಟ್ಟ ಮಾನಿಟರುಗಳು, ಕಾಲು ಮುರಿದ ಕುರ್ಚಿಗಳು. ಕಿಟಕಿಯಿಲ್ಲ, ಫ್ಯಾನಿಲ್ಲ, ಬಾಗಿಲಿಗೆ ಚಿಲಕವೂ ಇಲ್ಲ. ಹೊರಗೆ ಕಾವಲು ನಿಲ್ಲುತ್ತೇನೆ ಎಂದೆ.

"ಹೊರಗ ಬ್ಯಾಡ್ರಿ ಅಕ್ಕಾರ. ನೀವು ಅಲ್ಲಿ ನಿಂತ್ರ ಇಲ್ಲೇನೋ ನಡದೈತಿ ಅಂತ ಎಲ್ಲಾರಿಗೂ ಗೊತ್ತಾಗತೈತಿ. ಒಳಗ ಬರ್ರಿ."

ಹಾಗಾಗಿ ದಿನವೂ ಊಟವಾದ ಮೇಲೆ ನಾನು ಬಾಗಿಲಿಗೆ ಬೆನ್ನು ಒತ್ತಿ ನೆಲದ ಮೇಲೆ ಕೂರುತ್ತಿದ್ದೆ. ಅವಳು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಬೆವರು, ಧೂಳು, ಪಂಪಿನ ಸಣ್ಣ ಸದ್ದು. ಮೊದಮೊದಲು ನನಗೆ ಉಸಿರು ಕಟ್ಟುತ್ತಿತ್ತು. ಆ ವರ್ಷ ನನಗೆ ಎಲ್ಲ ಕಡೆಯೂ ಹಾಗೇ ಆಗುತ್ತಿತ್ತು. ಹನುಮಂತನಗರದ ಮನೆಯಲ್ಲಿ ಅಮ್ಮ ಕಾಯಿಲೆ ಬಿದ್ದಿದ್ದಳು; ರಾತ್ರಿ ಹಗಲು ನನ್ನನ್ನೇ ಕರೆಯುತ್ತಿದ್ದಳು. ಅವಳ ಔಷಧಿಗಾಗಿ ಈ ಕೆಲಸ ಬಿಡುವಂತಿರಲಿಲ್ಲ. ಆಫೀಸಿನಲ್ಲಿ ಮ್ಯಾನೇಜರ್ ಕರೆಯುತ್ತಿದ್ದರು. ಆ ಮುಚ್ಚಿದ ಕೋಣೆಯಲ್ಲಿ ಮಾತ್ರ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ನಾನು ಸುಮ್ಮನೆ ಕೂತಿದ್ದೇ ಒಬ್ಬರಿಗೆ ಸಾಕಾಗಿತ್ತು. ಬಾಗಿಲನ್ನು ಒತ್ತಿ ಹಿಡಿದ ಬೆನ್ನು ಮನೆಗೆ ಹೋದ ಮೇಲೂ ನೋಯುತ್ತಿತ್ತು. ಆ ನೋವು ಒಂದು ಥರ ಹಿತವಾಗಿತ್ತು.

ಒಂದು ದಿನ ಬಾಗಿಲು ಹೊರಗಿನಿಂದ ಅಲುಗಿತು. ನಾನು ನೆಲಕ್ಕೆ ಕಾಲು ಒತ್ತಿ ಬೆನ್ನಿನಿಂದ ತಡೆದೆ.

"ಯಾರ್ರೀ ಒಳಗೆ?" ಮ್ಯಾನೇಜರರ ದನಿ.

"ಸಾರ್, ನಾನು... ಹಳೇ ಫೈಲ್ ಹುಡುಕ್ತಿದೀನಿ."

"ಬಾಗಿಲು ಹಾಕ್ಕೊಂಡು ಏನ್ರೀ ಫೈಲ್ ಹುಡುಕೋದು? ತೆಗೀರಿ. ದಿನಾ ಇಬ್ರೂ ಮಾಯ ಆಗ್ತೀರಾ, ಗೊತ್ತಾಗಲ್ಲ ಅನ್ಕೊಂಡ್ರಾ?"

ಇಬ್ಬರ ಕೆಲಸವೂ ಹೋಯಿತು ಅಂದುಕೊಂಡೆ. ಆಗ ಗೋಡೆಯ ಕಡೆಯಿಂದ ಅವಳು, ಸ್ವಲ್ಪವೂ ಅಳುಕದೆ, "ಕೂಸಿಗೆ ಹಾಲು ತಗ್ಯಾಕತ್ತೀನ್ರಿ ಸರ. ಹತ್ತ ನಿಮಿಷ ತಡೀರಿ" ಎಂದಳು.

ಹೊರಗೆ ಬೂಟುಗಳು ಅವಸರವಾಗಿ ದೂರ ಹೋದವು. ಇಬ್ಬರೂ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕೆವು. ಆ ಮನುಷ್ಯ ಎಷ್ಟೋ ದಿನ ನಮ್ಮ ಸಾಲಿನ ಕಡೆಗೇ ತಿರುಗಲಿಲ್ಲ. ಕೋಣೆಯ ವಿಷಯವನ್ನೂ ಎತ್ತಲಿಲ್ಲ.

ಮಗು ಗಂಜಿ ತಿನ್ನಲು ಕಲಿಯಿತು. ಪುಡಿ ಹಾಲಿನ ಡಬ್ಬ ಮನೆಗೆ ಬರಲಿಲ್ಲ, ಕೆಲಸ ಉಳಿಯಿತು. "ನಾಳಿಂದ ನಿಮಗ ಬಿಡುಗಡೆ ನೋಡ್ರಿ ಅಕ್ಕಾರ" ಎಂದು ನನ್ನ ಕೈ ಹಿಡಿದಳು. ನಾನೂ ನಕ್ಕೆ. ಮರುದಿನ ಊಟವಾದ ಮೇಲೆ ಎದ್ದು ನಿಂತೆ, ಹೋಗುವುದಕ್ಕೆ ಜಾಗವಿರಲಿಲ್ಲ, ಕೂತೆ. ಸ್ವಲ್ಪ ಕಾಲಕ್ಕೆ ಅವಳಿಗೆ ಹುಬ್ಬಳ್ಳಿಯಲ್ಲಿ ಕಾಯಂ ಕೆಲಸ ಸಿಕ್ಕಿತು. ಕೊಟ್ಟು ಹೋದ ನಂಬರಿಗೆ ಹಬ್ಬಗಳಲ್ಲಿ ಮಾತಾಡುತ್ತಿದ್ದೆವು, ಆಮೇಲೆ ಅದೂ ನಿಂತಿತು.

ಅಮ್ಮ ಹೋಗಿ ವರ್ಷಗಳಾದವು. ಈಗ ಆ ಕೆಲಸ ಬಿಡಬಹುದು, ಆದರೂ ಅಲ್ಲೇ ಇದ್ದೇನೆ. ನಿನ್ನೆ ಅವಳ ನಂಬರಿಗೆ ಕರೆ ಮಾಡಿದೆ. ಯಾವುದೋ ಗಂಡಸು ಎತ್ತಿಕೊಂಡು "ರಾಂಗ್ ನಂಬರ್ ಮೇಡಂ" ಎಂದ. ಫೋನು ಇಟ್ಟು ಆ ಕೋಣೆಯಲ್ಲಿ ಕೂತಿದ್ದ ಅವಳ ಮುಖ ನೆನೆಯಲು ನೋಡಿದೆ, ಬರಲಿಲ್ಲ... ಅವಳ ಮರ್ಯಾದೆಗೆಂದು ನಾನು ಅಲ್ಲಿ ಒಂದು ಸಲವೂ ತಲೆಯೆತ್ತಿ ನೋಡಿರಲಿಲ್ಲ.