ಹುದ್ದೆ ಇಲ್ಲದವರ ಮಾತು

"ಬೀಡಿ ಕಟ್ಟುವವಳ ಮಗಳು ಡಿಗ್ರಿ ಮಾಡುವುದಾ? ಆಗದ ಹೋಗದ ಮಾತು" ಎಂದವರು, ಅಮ್ಮ ವಾರ ವಾರ ಬೀಡಿ ಕೊಡುತ್ತಿದ್ದ ಬೀಡಿ ಕಂಪನಿಯ ಬ್ರಾಂಚಿನವರು. ಸರಿಯಿಲ್ಲದ ಬೀಡಿ ಆರಿಸಿ ಬದಿಗೆ ಹಾಕುತ್ತಾ ಹೇಳಿದ್ದರು. ನಮ್ಮ ಮನೆಯಲ್ಲಿ ಹತ್ತನೇ ದಾಟಿದವಳು ನಾನೇ ಮೊದಲು. ಮೂಡುಬಿದಿರೆಯಲ್ಲಿ ಪತ್ರಿಕೋದ್ಯಮಕ್ಕೆ ಸೇರಿದೆ.

ಕೊನೆಯ ವರ್ಷ ಬಂಟ್ವಾಳದ ಒಂದು ಸಣ್ಣ ಪತ್ರಿಕೆಯಲ್ಲಿ ತರಬೇತಿ. ತರಬೇತಿ ಮುಗಿಯಿತೆಂದು ಸಂಪಾದಕರು ಸಹಿ ಹಾಕಿದ ಪತ್ರವನ್ನು ಕಾಲೇಜಿಗೆ ಕೊಟ್ಟರೆ ಮಾತ್ರ ಡಿಗ್ರಿ. ನನ್ನ ಕೆಲಸ ಇಲಾಖೆಗಳ ಪ್ರಕಟಣೆಯನ್ನು ಸುದ್ದಿ ಮಾಡುವುದು. ಮೇಲೊಂದು ತಲೆಬರಹ, ಕೊನೆಗೆ "ಎಂದು ಅಧಿಕಾರಿಗಳು ತಿಳಿಸಿದ್ದಾರೆ". ನಡುವಿನದ್ದೆಲ್ಲ ಅವರದ್ದೇ. ಆ ಕೊನೆಯ ಮಾತು ಇದ್ದರೆ ಸುದ್ದಿ ಸುಳ್ಳಾದರೂ ಸುಳ್ಳು ಹೇಳಿದವರು ನಾವಲ್ಲ ಎಂದು ನಾನೂ ನಂಬಿದ್ದೆ.

ವಿಟ್ಲ ಬದಿಯ ನಮ್ಮ ಊರಿನ ಎಲ್ಲ ಮನೆಗಳಿಗೂ ನಳ್ಳಿ ನೀರು ತಲುಪಿದೆ ಎಂದು ಒಂದು ದಿನ ಹಾಗೆಯೇ ಬರೆದೆ. ನಮ್ಮ ಮನೆಯ ಒಣ ನಳ್ಳಿಗೆ ಅಮ್ಮ ಬೀಡಿ ಎಲೆಯ ಪ್ಲಾಸ್ಟಿಕ್ ತೊಟ್ಟೆ ನೇತು ಹಾಕುತ್ತಿದ್ದಳು. ದಿನಾ ನೋಡುತ್ತಿದ್ದೆ. ಆದರೂ ಬರೆದೆ.

ಅಮ್ಮ ಅಕ್ಷರ ಕೂಡಿಸಿ ಓದಿದಳು. "ಮಾರಾಯ್ತಿ, ನಮ್ಮ ನಳ್ಳಿ ನಿನಗೆ ಕಾಣಲಿಲ್ಲವಾ?"

"ಅದು ನಾನು ಹೇಳಿದ್ದಲ್ಲ, ಅಧಿಕಾರಿ ಹೇಳಿದ್ದು."

"ಬರೆದ ಕೈ ಯಾರದ್ದು?"

ಮರುದಿನ ಊರಿನ ಹತ್ತು ಮನೆ ತಿರುಗಿ ಅಲ್ಲಿನ ಹೆಂಗಸರನ್ನು ಕೇಳಿದೆ. ನೀರು ಬಂದದ್ದು ಎರಡಕ್ಕೆ. ಅವರ ಮಾತನ್ನು ಬರೆದು ಕೊಟ್ಟಾಗ ಸಂಪಾದಕರು ಕನ್ನಡಕ ತೆಗೆದರು.

"ಅಧಿಕಾರಿಗಾದರೆ ಹುದ್ದೆ ಉಂಟು. ಈ ಹೆಂಗಸರಿಗೆ ಏನುಂಟು?"

"ಬೀಡಿ ಕಾರ್ಮಿಕರು ಅಂತ ಹಾಕುವ ಸರ್. ನಳ್ಳಿ ತಿರುಗಿಸಿ ನೋಡಿದವರು ಅವರೇ."

"ನಿನ್ನ ಪತ್ರಕ್ಕೆ ಸಹಿ ಹಾಕಬೇಕಾದವ ನಾನು. ನೆನಪುಂಟಲ್ಲ?"

ನೆನಪಿತ್ತು. ಬ್ರಾಂಚಿನವರ ಮಾತೂ ನೆನಪಾಯಿತು. ಆದರೆ ಕಾಗದ ಹಿಂದೆ ತೆಗೆದುಕೊಳ್ಳಲಿಲ್ಲ.

ನಾಲ್ಕು ದಿನ ಅದು ಮೇಜಿನ ಮೇಲೆ ಬಿದ್ದಿತ್ತು. ಐದನೆಯ ದಿನ ಅವರೇ ಇಲಾಖೆಗೆ ಫೋನ್ ಮಾಡಿ, "ಎಲ್ಲ ಮನೆ ಅಂದಿರಲ್ಲ, ನೋಡಿದ್ದು ಯಾರು?" ಎಂದು ಕೇಳಿದರು. ಆ ಕಡೆಯಿಂದ ಬಂದ ಉತ್ತರ: ಗುತ್ತಿಗೆದಾರರು ತಿಳಿಸಿದ್ದಾರೆ.

ಸಂಪಾದಕರು ಫೋನ್ ಇಟ್ಟು ನನ್ನನ್ನೇ ನೋಡಿದರು. ಸುದ್ದಿ ಒಳಪುಟದಲ್ಲಿ ಸಣ್ಣದಾಗಿ ಬಂತು. ಅಧಿಕಾರಿಯ ಮಾತು ಮೇಲೆ, ಹೆಂಗಸರದ್ದು ಕೆಳಗೆ. ಆದರೂ ಬಂತು. ಪತ್ರಕ್ಕೆ ಸಹಿಯೂ ಬಿತ್ತು.

ಪದವಿ ಪ್ರಮಾಣಪತ್ರ ಸಿಕ್ಕಿದ ದಿನ ನೇರ ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟೆ. ಹೊಗೆಸೊಪ್ಪಿನ ಕೈಯನ್ನು ಸೆರಗಿಗೆ ಎರಡು ಸಲ ಒರಸಿ ಹಿಡಿದಳು.

"ನಾಳೆ ಬ್ರಾಂಚಿಗೆ ಕೊಂಡೋಗ್ತೇನೆ" ಎಂದಳು. "ನಾನು ಹೇಳುವುದು ಬೇಡ. ಅವರೇ ಕಣ್ಣಲ್ಲಿ ನೋಡಲಿ."